ಹೆಸರು ಗೊತ್ತು, ಸಂಬಂಧ ಹೊಳೆಯುತ್ತಿಲ್ಲ: ಕೋನಗಳ ಕಲಿಕೆಗೆ ಸಲಹೆ ಬೇಕಿದೆ

ಪ್ರಶ್ನೆ: ನನ್ನ ಮಗಳು ಪೂರಕ, ಪರಿಪೂರಕ, ಶೃಂಗಾಭಿಮುಖ, ಅನುರೂಪ, ಪರ್ಯಾಯ ಎಂದು ಕೋನಗಳ ಹೆಸರುಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಾಳೆ, ಆದರೆ ಚಿತ್ರವನ್ನು ಸ್ವಲ್ಪ ಓರೆಯಾಗಿ ಬರೆದರೂ ಯಾವ ಕೋನ ಯಾವುದಕ್ಕೆ ಸಮವೆಂದು ಹೇಳಲು ತಡವರಿಸುತ್ತಾಳೆ. ಕಲಿಸಿ ಅನುಭವವಿರುವವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಹೆಸರುಗಳನ್ನು ಕೆಲಕಾಲ ಬದಿಗಿಡಿ. ನಾನು ಪಾಠವನ್ನು ಒಂದೇ ಸಂಗತಿಯಿಂದ ಆರಂಭಿಸುತ್ತೇನೆ: ಸರಳರೇಖೆಯ ಮೇಲಿನ ಒಂದು ಬಿಂದುವಿನಲ್ಲಿ, ರೇಖೆಯ ಒಂದೇ ಬದಿಗೆ ಉಂಟಾಗುವ ಕೋನಗಳ ಮೊತ್ತ 180 ಡಿಗ್ರಿ. ಎರಡು ರೇಖೆಗಳು ಛೇದಿಸಿದಾಗ ಒಂದು ಕೋನ 65 ಡಿಗ್ರಿಯಿದ್ದರೆ ಅದರ ಪಕ್ಕದ್ದು 115 ಆಗಲೇಬೇಕು. ಆ 115ರ ಇನ್ನೊಂದು ಪಕ್ಕದ ಕೋನವೂ ಅದರೊಡನೆ ಸೇರಿ 180 ಆಗಬೇಕಾದ್ದರಿಂದ ಮತ್ತೆ 65 ಬರುತ್ತದೆ. ಹೀಗೆ ಎದುರುಬದುರಾಗಿರುವ ಶೃಂಗಾಭಿಮುಖ ಕೋನಗಳು ಸಮವೆಂಬುದನ್ನು ಹೀಗೆ ಮಗುವೇ ಕಂಡುಕೊಂಡರೆ ಚಿತ್ರ ಎತ್ತ ತಿರುಗಿದರೂ ಗೊಂದಲವಾಗದು. ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ 15ನೆಯ ಪ್ರಮೇಯದ ಸಾಧನೆಯೂ ಇದೇ ಜಾಡಿನಲ್ಲಿದೆ. ಪೂರಕ (ಮೊತ್ತ 90 ಡಿಗ್ರಿ), ಪರಿಪೂರಕ (ಮೊತ್ತ 180 ಡಿಗ್ರಿ) ಎಂಬವು ಮೊತ್ತವನ್ನಷ್ಟೇ ಸೂಚಿಸುತ್ತವೆ. ಆ ಕೋನಗಳು ಅಕ್ಕಪಕ್ಕದಲ್ಲಿಯೇ ಇರಬೇಕೆಂದಿಲ್ಲ.

ಉತ್ತರ 2: ಸಮಾಂತರ ರೇಖೆಗಳ ವಿಷಯದಲ್ಲಿ ನನಗೆ ಹೆಚ್ಚು ಫಲ ಕೊಟ್ಟದ್ದು ಪಾರದರ್ಶಕ ಹಾಳೆ. ಎರಡು ಸಮಾಂತರ ರೇಖೆಗಳನ್ನೂ ಅವೆರಡನ್ನೂ ಕತ್ತರಿಸುವ ರೇಖೆಯಾದ ಛೇದಕವನ್ನೂ ಅದರ ಮೇಲೆ ನಕಲು ಮಾಡಿ, ಹಾಳೆಯನ್ನು ತಿರುಗಿಸದೆ ಛೇದಕದ ಗುಂಟ ಜಾರಿಸಿದರೆ, ಮೊದಲ ರೇಖೆಯ ಬಳಿಯ ನಾಲ್ಕು ಕೋನಗಳೂ ಎರಡನೆಯದರ ಬಳಿಯ ಕೋನಗಳ ಮೇಲೆ ಸರಿಯಾಗಿ ಕೂರುತ್ತವೆ; ಹೀಗೆ ಹೊಂದುವ ಜೋಡಿಗಳೇ ಅನುರೂಪ ಕೋನಗಳು. ರೇಖೆಗಳ ನಡುವಣ ಛೇದಕದ ತುಂಡಿನ ಮಧ್ಯಬಿಂದುವಿನಲ್ಲಿ ಪೆನ್ಸಿಲ್ ಮೊನೆ ಊರಿ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿದರೆ ಪರ್ಯಾಯ ಕೋನಗಳು (ಎರಡು ರೇಖೆಗಳ ನಡುವೆ, ಒಂದೊಂದು ರೇಖೆಯ ಬಳಿ, ಛೇದಕದ ಎದುರು ಬದಿಗಳಲ್ಲಿರುವ ಜೋಡಿ) ಒಂದರ ಮೇಲೊಂದು ಬರುತ್ತವೆ. ಛೇದಕದ ಒಂದೇ ಬದಿಯ ಒಳಕೋನಗಳ ಮೊತ್ತ ಮಾತ್ರ 180. ಛೇದಕ ಲಂಬವಾಗಿದ್ದಾಗಲಷ್ಟೇ ಅವು ಸಮ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಉತ್ತರ 3: ಹಾಳೆಯ ಪ್ರಯೋಗ ನನಗೂ ಮೆಚ್ಚುಗೆಯೇ, ಆದರೂ ಒಂದು ಎಚ್ಚರಿಕೆ ಹೇಳಬೇಕು. ರೇಖೆಗಳು ಸಮಾಂತರವೆಂದು ಪ್ರಶ್ನೆಯಲ್ಲಿ ಕೊಟ್ಟಿದೆಯೇ, ಚಿತ್ರದಲ್ಲಿ ಬಾಣದ ಗುರುತಿದೆಯೇ ಎಂದು ನೋಡದೆ, ಕಣ್ಣಿಗೆ ಹಾಗೆ ಕಂಡಿತೆಂದು ಅನುರೂಪ ಕೋನಗಳನ್ನು ಸಮವೆಂದು ಬರೆಯುವ ಅಭ್ಯಾಸವನ್ನು ಆರಂಭದಲ್ಲೇ ತಡೆಯಿರಿ. ನಾನು ಪ್ರತಿ ಹೆಜ್ಜೆಯ ಪಕ್ಕದಲ್ಲಿ ಕಾರಣವನ್ನೂ ಬರೆಯಿಸುತ್ತೇನೆ. ಅದು ರೂಢಿಯಾದ ಮೇಲೆ ತ್ರಿಭುಜದ ಒಂದು ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರವಾದ ರೇಖೆ ಎಳೆಯಲು ಹೇಳಿ. ಉಳಿದೆರಡು ಕೋನಗಳಿಗೆ ಸಮವಾದ ಪರ್ಯಾಯ ಕೋನಗಳು ಆ ಶೃಂಗದ ಕೋನದ ಎರಡೂ ಪಕ್ಕದಲ್ಲಿ ಕಾಣಿಸಿಕೊಂಡು, ಮೂರೂ ಸೇರಿ 180 ಡಿಗ್ರಿಯ ಸರಳಕೋನವಾಗುತ್ತವೆ. ಒಂದು ಬಾಹುವನ್ನು ಮುಂದಕ್ಕೆ ಎಳೆದಾಗ ಹೊರಗೆ ಉಂಟಾಗುವ ಬಾಹ್ಯ ಕೋನವು ದೂರದ ಎರಡು ಒಳಕೋನಗಳ ಮೊತ್ತಕ್ಕೆ ಸಮವೆಂಬುದನ್ನು ಮುಂದೆ ನೀವು ಹೇಳಿಕೊಡದೆ ಆಕೆಯೇ ಸಾಧಿಸಲಿ.