ಇಂಗಾಲ-14ರ ಪಾಠದಲ್ಲಿ ‘ಕಂಟ್ಯಾಮಿನೇಷನ್’: ಮಾಲಿನ್ಯವೋ, ಕಲಬೆರಕೆಯೋ, ಸೋಂಕೋ?

ಗೆಳೆಯರೇ,

ಎರಡು ವಾರದಿಂದ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ನೆರವು ಬೇಕು.

ನಮ್ಮ ಕೋಲಾರದ ಪಿಯು ಮಕ್ಕಳಿಗೆ ಅಂತ ಇಂಗಾಲ-14ರ ಕಾಲನಿರ್ಣಯದ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ನೆಲದಡಿ ಸಿಕ್ಕ ಇದ್ದಿಲು, ಮೂಳೆ, ಕಾಳು ಎಷ್ಟು ವರ್ಷದ್ದು ಅಂತ ಪ್ರಯೋಗಾಲಯದಲ್ಲಿ ಹೇಗೆ ಪತ್ತೆ ಮಾಡುತ್ತಾರೆ ಅನ್ನೋದು ವಿಷಯ. ‘ಅರ್ಧಾಯು’ ಇದೆ. ‘ಐಸೊಟೋಪ್’ ಹಾಗೇ ನಡೆಯುತ್ತದೆ. ಸ್ಯಾಂಪಲ್‌ಗೆ ‘ಮಾದರಿ’ ಅಂದರೆ ಮಕ್ಕಳಿಗೆ ಮೊದಲು ಮಾದರಿ ಶಾಲೆ ನೆನಪಾಗುತ್ತದೆ, ಆದರೂ ಮುಂದಿನ ಸಾಲಿನಲ್ಲಿ ಸರಿಹೋಗುತ್ತದೆ. ಸಿಕ್ಕಿಕೊಂಡಿದ್ದು ‘ಕಂಟ್ಯಾಮಿನೇಷನ್’ ಹತ್ತಿರ, ಅಂದರೆ ಮಾದರಿಗೆ ಹೊರಗಿನ ಇಂಗಾಲ ಸೇರಿಕೊಳ್ಳುವುದು.

ಮೊದಲ ಕರಡಿನಲ್ಲಿ ಸುಮ್ನೆ ನಿಘಂಟು ನೋಡಿ ‘ಮಾಲಿನ್ಯ’ ಅಂತ ಹಾಕಿದ್ದೆ. ‘ಮಾದರಿಯ ಮಾಲಿನ್ಯವನ್ನು ಮೊದಲು ತೆಗೆಯಬೇಕು’ ಅಂತ ಸಾಲು. ಓದಿದ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಐದು ಸಾವಿರ ವರ್ಷದ ಹಿಂದೆ ಎಲ್ಲಿತ್ತು ಫ್ಯಾಕ್ಟರಿ?’ ತಪ್ಪು ಅವಳದ್ದಲ್ಲ. ಮಾಲಿನ್ಯ ಅಂದರೆ ಈಗ ಹೊಗೆ, ಕೊಳಚೆ, ನೊರೆ ಉಕ್ಕುವ ಕೆರೆ. ಇಲ್ಲಿ ವಿಷಯ ಕೊಳೆಯದ್ದೇ ಅಲ್ಲ. ತುಂಬಾ ಚೊಕ್ಕಟವಾದ ವಸ್ತುವೂ ಈ ಕೆಲಸವನ್ನು ಕೆಡಿಸಬಹುದು.

ಯಾಕೆ ಅಂತ ಸ್ವಲ್ಪ ಹೇಳಬೇಕು. ಗಿಡ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತದೆ. ಆ ಇಂಗಾಲದಲ್ಲಿ ಲಕ್ಷ ಕೋಟಿ ಪರಮಾಣುವಿಗೆ ಹೆಚ್ಚುಕಡಿಮೆ ಒಂದು ಮಾತ್ರ ಇಂಗಾಲ-14, ತಾನಾಗೇ ಕ್ಷಯಿಸುವ ಬಗೆಯ ಇಂಗಾಲ. ಗಿಡ ಸತ್ತ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ. ಹೀಗೆ 50,000 ವರ್ಷದ ಹೊತ್ತಿಗೆ ಅಳೆಯಲು ಏನೂ ಉಳಿದಿರುವುದಿಲ್ಲ ಅನ್ನಬಹುದು. ಇಷ್ಟು ಕಡಿಮೆ ಇರುವ ಕಡೆ ಹೊರಗಿನ ಇಂಗಾಲ ಚೂರು ಸೇರಿದರೂ ಲೆಕ್ಕ ತಪ್ಪುತ್ತದೆ. ಇಂಗಾಲ-14 ಪೂರ್ತಿ ಕರಗಿಹೋದ, ಲಕ್ಷಾಂತರ ವರ್ಷದ ವಸ್ತುವಿಗೆ ಇವತ್ತಿನ ಇಂಗಾಲ ನೂರಕ್ಕೆ ಒಂದು ಪಾಲು ಸೇರಿದರೆ ಅದು ಸುಮಾರು 37,000 ವರ್ಷದ್ದು ಅಂತ ಸುಳ್ಳು ಹೇಳುತ್ತದೆ. ಉಲ್ಟಾನೂ ಆಗುತ್ತದೆ. ಯಾವುದೇ ಮಾದರಿಗೆ ಸುಣ್ಣದಕಲ್ಲಿನ, ಇಂಗಾಲ-14 ಉಳಿಯದ ಹಳೇ ಇಂಗಾಲ ಅಷ್ಟೇ ಪಾಲು ಸೇರಿದರೆ ವಯಸ್ಸು ಸುಮಾರು 80 ವರ್ಷ ಜಾಸ್ತಿ ಕಾಣುತ್ತದೆ.

ನನಗೇ ಆಗಿದ್ದು ಹೇಳುತ್ತೇನೆ. ಮುಳಬಾಗಿಲು ಕಡೆ ಪರಿಚಯದವರೊಬ್ಬರ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಆಳದಲ್ಲಿ ಕಪ್ಪು ಪಟ್ಟೆ ಬಂತು, ಅದರಲ್ಲಿ ಇದ್ದಿಲಿನ ಚೂರು. ಖುಷಿಯಾಗಿ ಬರಿಗೈಯಲ್ಲಿ ಆರಿಸಿ, ಹುರಿದ ಕಡ್ಲೆಕಾಯಿ ಕಟ್ಟಿಸಿಕೊಂಡು ಬಂದಿದ್ದ ಪೇಪರಿನಲ್ಲೇ ಸುತ್ತಿಕೊಂಡು ಬಂದೆ. ಇಂಥ ಲ್ಯಾಬಿನಲ್ಲಿ ಕೆಲಸ ಮಾಡಿದ ಗೆಳೆಯನಿಗೆ ಫೋಟೋ ಕಳಿಸಿದರೆ ಅವನು ಇದ್ದಿಲನ್ನು ನೋಡಲೇ ಇಲ್ಲ, ಪೇಪರನ್ನು ನೋಡಿದ. ‘ಕೈಯಲ್ಲಿ ಮುಟ್ಟಿದ್ದೀಯ, ಕಡ್ಲೆಕಾಯಿ ಎಣ್ಣೆ ಮೆತ್ತಿದ್ದೀಯ, ಕಾಗದದ ಎಳೆ ಅಂಟಿಸಿದ್ದೀಯ. ಚಿಮಟದಲ್ಲಿ ಎತ್ತಿ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಇಡೋದು ತಾನೇ?’ ಅಂದ. ಆಮೇಲೆ ಅವನ ಬಾಯಲ್ಲಿ ಬಂದ ಮಾತು: ‘ಪೂರ್ತಿ ಮೈಲಿಗೆ ಮಾಡಿಟ್ಟಿದ್ದೀಯ ಮಾರಾಯ.’

ನಿಜ ಹೇಳಬೇಕೆಂದರೆ ಅರ್ಥದಲ್ಲಿ ಇದಕ್ಕಿಂತ ಹತ್ತಿರದ ಪದ ಇಲ್ಲ. ಮುಟ್ಟಿದರೆ ಸಾಕು, ಕಣ್ಣಿಗೆ ಏನೂ ಕಾಣದಿದ್ದರೂ ಕೆಟ್ಟಿತು. ತೊಳೆದು ಶುದ್ಧ ಮಾಡಬೇಕು. ಲ್ಯಾಬಿನ ಕೆಲಸಕ್ಕೆ ‘ಮಡಿ’ ಅಂದರೂ ತಪ್ಪಾಗದು. ಆದರೆ ನಾನು ಪಾಠದಲ್ಲಿ ಬರೆಯುವುದಿಲ್ಲ. ಮೈಲಿಗೆ ಅಂತ ಕರೆದು ಹೋಟೆಲಿನಲ್ಲಿ ಲೋಟ ಬೇರೆ ಇಟ್ಟಿದ್ದು ನಮ್ಮ ಕಡೆ ಯಾವುದೋ ಹಳೇ ಕಾಲದ ಕತೆಯಲ್ಲ. ಆ ಮನೆಗಳ ಮಕ್ಕಳೂ ನನ್ನ ತರಗತಿಯಲ್ಲಿ ಕೂತಿರುತ್ತಾರೆ. ಗೆಳೆಯರ ನಡುವಿನ ತಮಾಷೆಗೆ ಇರಲಿ, ಅಚ್ಚಿಗೆ ಬೇಡ.

‘ಕಲಬೆರಕೆ’ ನೋಡಿದೆ. ನಮ್ಮ ಹಾಲಿನ ಡೇರಿ ಕಾರ್ಯದರ್ಶಿಯನ್ನು ಕೇಳಿದರೆ ಕೈ ಅಡ್ಡ ಆಡಿಸಿದರು. ‘ಕಲಬೆರಕೆ ಅಂದ್ರೆ ಬೇಕಂತ ಮಾಡಿದ್ದು ಸಾರ್, ಅದು ಕೇಸು. ಮಳೆಯಲ್ಲಿ ಕ್ಯಾನಿನ ಮುಚ್ಚಳ ಸರಿಯಿಲ್ಲದೆ ನೀರು ಇಳಿದ್ರೆ ಅದನ್ನ ಹಾಗನ್ನೋಕಾಗಲ್ಲ.’ ಸರಿ ಅಲ್ವಾ? ಬೇರು ಇದ್ದಿಲಿನೊಳಗೆ ಇಳಿದರೆ ಅದು ಯಾರ ಮೋಸ?

‘ಕಲ’ ಬಿಟ್ಟು ಬರೀ ‘ಬೆರಕೆ’ ಅಂದರೆ? ನಮ್ಮ ಕಡೆ ಅದು ಬೈಗುಳವೂ ಅಲ್ಲ. ಬೆರಕೆ ಸೊಪ್ಪಿನ ಸಾರಿಗೆ ಮುದ್ದೆ ಜಾಸ್ತಿಯೇ ಇಳಿಯುತ್ತದೆ. ಹೊಲದ ಬದುವಿನಲ್ಲಿ ಸಿಕ್ಕ ನಾಲ್ಕಾರು ಸೊಪ್ಪು ಕೂಡಿದ್ದು, ಅಷ್ಟೇ. ‘ಇಷ್ಟು ಪಾಲು ಹೊರಗಿನ ಇಂಗಾಲದ ಬೆರಕೆ ಇದೆ’ ಅನ್ನಬಹುದು. ಪ್ರಮಾಣ ಹೇಳುವಾಗ ಚೆನ್ನಾಗಿ ಕೂರುತ್ತದೆ. ಆದರೆ ‘ಮಾದರಿ ಬೆರಕೆಯಾಯಿತು’ ಅಂದರೆ ಎರಡು ಮಾದರಿ ಒಂದಕ್ಕೊಂದು ಸೇರಿಹೋದವು ಅನ್ನೋ ಅರ್ಥ ಬರುತ್ತದೆ.

ಇನ್ನು ‘ಸೋಂಕು’. ನನಗೆ ಮನಸ್ಸು ವಾಲಿರುವುದು ಇಲ್ಲಿ. ಹಳಗನ್ನಡದಲ್ಲಿ ಸೋಂಕು ಅಂದರೆ ಬರೀ ತಾಗುವುದು. ಈಗಲೂ ‘ಕೈ ಸೋಕಿತು’, ‘ಗಾಳಿ ಸೋಕಿದೆ’ ಅನ್ನುತ್ತೇವೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗೆ ಸುಮ್ನೆ ನುಗ್ಗುವ ಹಾಗಿಲ್ಲ. ಕೈ ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣ, ಬ್ಲೀಚಿಂಗ್ ಪುಡಿ ತುಳಿದು ಒಳಗೆ ಬರಬೇಕು. ಅವರ ಬಾಯಲ್ಲಿ ‘ಸೋಂಕು ನಿವಾರಣೆ’ ದಿನದ ಮಾತು. ಅಲ್ಲಿ ಯಾರೂ ಯಾರನ್ನೂ ಕೀಳಾಗಿ ನೋಡಿದ ಹಾಗಲ್ಲ. ತೊಂದರೆ ಅಂದರೆ ಕೊರೊನಾ ಬಂದು ಹೋದ ಮೇಲೆ ಸೋಂಕು ಅಂದ ಕೂಡಲೇ ಕೆಮ್ಮು ನೆನಪಾಗುತ್ತದೆ. ಇದ್ದಿಲಿಗೆ ಸೋಂಕು ತಗುಲಿದೆ ಅಂದರೆ ಹುಡುಗರು ಮಾಸ್ಕ್ ಹಾಕಿಸುತ್ತಾರೋ ಏನೋ.

ಪದಗಳನ್ನು ಪರೀಕ್ಷೆ ಮಾಡಲು ಲ್ಯಾಬಿನ ತೊಳೆಯುವ ಹಂತಕ್ಕಿಂತ ಒಳ್ಳೇ ಜಾಗ ಇಲ್ಲ. ಮೂರು ಸುತ್ತು ತೊಳೆತ: ಆಮ್ಲ, ಕ್ಷಾರ, ಮತ್ತೆ ಆಮ್ಲ. ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಮಣ್ಣಿನಿಂದ ಬಂದು ಕೂತ ಸುಣ್ಣದ ಅಂಶ ಗುಳುಗುಳು ಅಂತ ಗುಳ್ಳೆಯೆದ್ದು ಹೋಗುತ್ತದೆ. ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್. ಕೊಳೆತ ಎಲೆ, ಬೇರಿನ ರಸ ನೀರಿನ ಜೊತೆ ಇಳಿದು ಇದ್ದಿಲಿಗೆ ಹಿಡಿದುಕೊಂಡಿರುತ್ತದಲ್ಲ, ಹ್ಯೂಮಿಕ್ ಆಮ್ಲ, ಅದು ಈಗ ಬಿಡುತ್ತದೆ. ಬೀಕರಿನ ನೀರು ಥೇಟ್ ಕಾಫಿ ಡಿಕಾಕ್ಷನ್ ಬಣ್ಣ. ಚೆಲ್ಲಿ ಹೊಸದು ಹಾಕುತ್ತಾರೆ, ಮತ್ತೆ ಡಿಕಾಕ್ಷನ್, ಸ್ವಲ್ಪ ತೆಳ್ಳಗೆ. ನೀರು ತಿಳಿಯಾಗುವ ತನಕ ಇದೇ ಕೆಲಸ.

ಹಾಗಾದರೆ ಮೂರನೇ ಸುತ್ತಿಗೆ ಮತ್ತೆ ಆಮ್ಲ ಯಾಕೆ? ನನಗೆ ತುಂಬಾ ಹಿಡಿಸಿದ್ದು ಇದೇ. ತೊಳೆಯಲು ಹಾಕಿದ ಕ್ಷಾರವೇ ಕೋಣೆಯ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಿರುತ್ತದೆ. ಅಂದರೆ ಹಳೇ ಇದ್ದಿಲಿಗೆ ಇವತ್ತು ಬೆಳಗಿನ ಗಾಳಿ ಸೇರಿತು. ಅದನ್ನು ಓಡಿಸಲು ಇನ್ನೊಮ್ಮೆ ಆಮ್ಲ. ಇಲ್ಲಿ ಕೊಳೆ ಇಲ್ಲ, ಹಾಗಾಗಿ ಮಾಲಿನ್ಯ ಅಲ್ಲ. ಮೋಸ ಇಲ್ಲ, ಕಲಬೆರಕೆ ಅಲ್ಲ. ಗಾಳಿ ಸೋಕಿತು, ಅಷ್ಟೇ ಅಲ್ವಾ?

ಮುಂದಿನದು ಬೇಗ ಹೇಳಿಬಿಡುತ್ತೇನೆ. ಒಣಗಿಸಿದ ಚೂರನ್ನು ತಾಮ್ರದ ಆಕ್ಸೈಡ್ ಜೊತೆ ಕ್ವಾರ್ಟ್ಜ್ ಕೊಳವೆಯಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಮುಚ್ಚಿ, ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ. ಬಂದ ಅನಿಲವನ್ನು ಹೈಡ್ರೋಜನ್, ಕಬ್ಬಿಣದ ಪುಡಿ ಸೇರಿಸಿ ಗ್ರಾಫೈಟ್ ಮಾಡುತ್ತಾರೆ. ಅದನ್ನು ವೇಗವರ್ಧಕ (ಆಕ್ಸಿಲರೇಟರ್) ಯಂತ್ರಕ್ಕೆ ಕೊಟ್ಟರೆ ಇಂಗಾಲ-14ರ ಪರಮಾಣುಗಳನ್ನೇ ಎಣಿಸುತ್ತದೆ. ಒಂದು ಮಿಲಿಗ್ರಾಂ ಇಂಗಾಲ ಸಾಕು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಈ ಏರ್ಪಾಡು ಇದೆ. ಜೊತೆಗೆ ಇಂಗಾಲ-14 ಇಲ್ಲವೇ ಇಲ್ಲದ ಕಲ್ಲಿದ್ದಲಿನಂಥ ವಸ್ತುವನ್ನೂ ಇದೇ ದಾರಿಯಲ್ಲಿ ಕಳಿಸುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಅದು ಲ್ಯಾಬಿನಲ್ಲೇ ಸೇರಿದ್ದು, ಖಾಲಿ ಪಾತ್ರೆಯ ತೂಕ ಕಳೆದ ಹಾಗೆ ಕಳೆಯಬೇಕು. ಇದಕ್ಕೆ ‘ಬ್ಲ್ಯಾಂಕ್’ ಅಂತಾರೆ. ‘ಖಾಲಿ ಮಾದರಿ’ ಅಂದರೆ ತಪ್ಪು, ಖಾಲಿ ಇರುವುದಿಲ್ಲವಲ್ಲ. ಬ್ಲ್ಯಾಂಕ್ ಅಂತಲೇ ಬಿಟ್ಟಿದ್ದೇನೆ.

ಇನ್ನೊಂದು ಸಣ್ಣದು. ವಯಸ್ಸನ್ನು ‘ಬಿಪಿ’ ಅಂತ ಬರೆಯುತ್ತಾರೆ, ‘ಇಂದಿಗೆ ಮುಂಚೆ’ ಅಂತ. ಆ ‘ಇಂದು’ 1950. ಆಮೇಲಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯ ಇಂಗಾಲ-14 ಏರಿಹೋಯಿತು, ಹೇಗೂ ಒಂದು ಕಡೆ ಗೂಟ ಹೊಡೆಯಲೇಬೇಕಿತ್ತು. ನಮ್ಮಲ್ಲಿ ಬಿಪಿ ಅಂದರೆ ಮಾತ್ರೆ, ಉಪ್ಪು ಕಮ್ಮಿ. ನಾನು ‘1950ಕ್ಕೆ ಇಷ್ಟು ವರ್ಷ ಮುಂಚೆ’ ಅಂತ ಉದ್ದಕ್ಕೇ ಬರೆದಿದ್ದೇನೆ.

‘ಕರಕಲು’ ಮಾತ್ರ ತಾನಾಗೇ ಸಿಕ್ಕಿತು. ಕಾಳು ಪೂರ್ತಿ ಸುಟ್ಟು ಬೂದಿಯಾದರೆ ಅದರ ಇಂಗಾಲ ಗಾಳಿಗೆ ಹೋಯಿತು, ಸೀದು ಕರಕಲಾದರೆ ಉಳಿಯಿತು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಕೊರಲೆ ಹೀಗೆ ಕರಕಲಾಗಿ ಸಿಕ್ಕಿವೆ. ಮರದ ಇದ್ದಿಲಿಗಿಂತ ಇವು ವಾಸಿ. ಮರದ ತಿರುಳು ಸುಡುವ ಹೊತ್ತಿಗೇ ನೂರಾರು ವರ್ಷ ಹಳೆಯದಾಗಿರಬಹುದು, ಹುರುಳಿ ಆ ವರ್ಷದ ಬೆಳೆ.

ಈಗ ಕೇಳಬೇಕಾದದ್ದು. ಆದದ್ದನ್ನು ಹೇಳುವಾಗ ‘ಸೋಂಕು’, ಎಷ್ಟು ಅಂತ ಹೇಳುವಾಗ ‘ಬೆರಕೆ’ ಅಂತ ಎರಡು ಪದ ಇಟ್ಟುಕೊಂಡರೆ ಓದುವವರಿಗೆ ಗೊಂದಲ ಆಗುತ್ತದಾ? ಸಾಲು ಹೀಗಿದೆ: ‘ಇದ್ದಿಲಿಗೆ ಹೊರಗಿನ ಇಂಗಾಲ ಸೋಂಕಿದ್ದರೆ ತೊಳೆದು ತೆಗೆಯಬೇಕು, ಲ್ಯಾಬಿನಲ್ಲಿ ಸೇರಿದ ಬೆರಕೆ ಎಷ್ಟು ಅಂತ ಬ್ಲ್ಯಾಂಕ್ ನೋಡಿ ಲೆಕ್ಕ ಹಾಕಬೇಕು.’ ತಿಪಟೂರು, ಶಿರಾ ಕಡೆಯವರು ಕೊಬ್ಬರಿಗೋ ಶೇಂಗಾಕ್ಕೋ ಬೇರೆಯದು ತಾಗಿ ಕೆಟ್ಟರೆ ಏನನ್ನುತ್ತೀರಿ? ಒಂದೇ ಪದ ಇದ್ದರೆ ದಯವಿಟ್ಟು ಹೇಳಿ, ಸಾಲು ತಿದ್ದುತ್ತೇನೆ.