ಸಹಾಯ ಬೇಕು: ಮಾದಾವರದ ಬಿಐಇಸಿಗೆ ಬರುವವರು ಎಲ್ಲಿ ಉಳಿದರೆ ಅನುಕೂಲ?

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆಯಲ್ಲಿ ಖಾರ ಮಂಡಕ್ಕಿ ಪ್ಯಾಕಿಂಗ್ ಮಾಡುವ ಸಣ್ಣ ಘಟಕ. ಮುಂದಿನ ತಿಂಗಳು ತುಮಕೂರು ರಸ್ತೆಯ ಬಿಐಇಸಿಯಲ್ಲಿ (ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ) ಪ್ಯಾಕಿಂಗ್ ಮಷಿನ್‌ಗಳನ್ನು ನೋಡಲು ಬರುತ್ತಿದ್ದೇನೆ. ಅಮ್ಮನೂ ಹೊರಟಿದ್ದಾರೆ, ಅದಕ್ಕೇ ಇಷ್ಟು ವಿಚಾರಣೆ.

ರೂಮು ಎಲ್ಲಿ ಮಾಡುವುದು? ಪ್ರದರ್ಶನದ ದಿನಗಳಿಗೆ ಮಾದಾವರದ ಸುತ್ತಮುತ್ತ ರೇಟು ಸಿಕ್ಕಾಪಟ್ಟೆ ಏರಿಸಿಟ್ಟಿದ್ದಾರೆ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೂ ಇದೆಯಲ್ಲ, ಯಶವಂತಪುರದಲ್ಲಿ ಉಳಿದು ಓಡಾಡಿದರೆ ಸಾಕು ಅಲ್ವಾ? ಪೀಣ್ಯದಲ್ಲಿ ಅಗ್ಗಕ್ಕೆ ಸಿಗಬಹುದು, ಆದರೆ ಲಾರಿ ಸದ್ದಿಗೆ ಅಮ್ಮನಿಗೆ ನಿದ್ದೆ ಬರಲಿಕ್ಕಿಲ್ಲ. ಲಿಫ್ಟ್ ಇರಬೇಕು, ಬೆಳಗ್ಗೆ ಆರಕ್ಕೇ ಕಾಫಿ ಸಿಗಬೇಕು. ಎರಡನೆಯದು ತಪ್ಪಿದರೆ ನನ್ನ ಕಥೆ ಮುಗಿಯಿತು!

ಇನ್ನು ಶಿವಗಂಗೆ ಬೆಟ್ಟ. ಗಂಗಾಧರೇಶ್ವರನ ಲಿಂಗದ ಮೇಲೆ ಉಜ್ಜಿದ ತುಪ್ಪ ಬೆಣ್ಣೆಯಾಗುತ್ತದೆ ಅಂತಾರಲ್ಲ, ಅಮ್ಮ ಅದನ್ನು ಕಣ್ಣಾರೆ ನೋಡಬೇಕಂತೆ. ತುದಿಯವರೆಗೆ ಹತ್ತಿಸುವ ಯೋಚನೆ ಇಲ್ಲ, ಅವರಿಗೆ ಮಂಡಿನೋವು. ದೇವಸ್ಥಾನದವರೆಗಿನ ಮೆಟ್ಟಿಲು ವಯಸ್ಸಾದವರಿಗೆ ಕಷ್ಟವಾಗುತ್ತಾ? ಊರಿಗೆ ವಾಪಸ್ ಹೋಗುವ ದಿನವೇ ಡಾಬಸ್‌ಪೇಟೆಯಲ್ಲಿ ಇಳಿದು ನೋಡಿಕೊಂಡು ಹೋಗೋಣ ಅಂತಿದ್ದೇನೆ. ಅಲ್ಲಿಂದ ಆಟೊ ಸುಲಭವಾಗಿ ಸಿಗುತ್ತಾ? ಬ್ಯಾಗು ಇಡಲು ಜಾಗ ಇದೆಯಾ? ಇಲ್ಲದಿದ್ದರೆ ಮಾದಾವರದಿಂದಲೇ ಕ್ಯಾಬ್ ಮಾಡಿಬಿಡುತ್ತೇನೆ.

ಇಸ್ಕಾನ್, ಮಲ್ಲೇಶ್ವರ ನನಗೆ ಗೊತ್ತು, ಅವನ್ನು ಸಂಜೆ ಹೊತ್ತು ನಾನೇ ತೋರಿಸುತ್ತೇನೆ.

ಕೊನೆಯದು: ದಾವಣಗೆರೆ ಕಡೆಯಿಂದ ಬರುವ ಸಾರಿಗೆ ಬಸ್ಸು ಮಾದಾವರದಲ್ಲಿ ನಿಲ್ಲಿಸುತ್ತಾರಾ, ಅಥವಾ ಮುಂದೆ ಹೋಗಿ ಮೆಟ್ರೊದಲ್ಲಿ ವಾಪಸ್ ಬರಬೇಕಾ? ಇತ್ತೀಚೆಗೆ ಹೋಗಿಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.