ಕೆರೆಗಳಿಗೆಲ್ಲ ಒಂದೇ ಸಂಸ್ಥೆ ಇದ್ದರೆ ಸರಿಹೋಗುತ್ತಾ?

ಪ್ರಶ್ನೆ: ಬೆಂಗಳೂರಲ್ಲಿ ಕೊಳಚೆ ನೀರು ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ನಮ್ಮ ಕೆರೆ ಬಗ್ಗೆ ದೂರು ಕೊಟ್ಟರೆ ಎಲ್ಲರೂ ಪಕ್ಕದವರನ್ನೇ ತೋರಿಸುತ್ತಾರೆ. ಎಲ್ಲಾ ಸೇರಿಸಿ ಒಂದು ಮಾಡಬಾರದಾ?

ಉತ್ತರ 1: ಬೇಡ ಸರ್. ಶುದ್ಧೀಕರಣ ಘಟಕ ನಡೆಸುವವರೂ, ಅದು ಕೆಟ್ಟರೆ ನೋಟಿಸ್ ಕೊಡುವವರೂ ಒಬ್ಬರೇ ಆದರೆ ತಪ್ಪು ಹೊರಗೆ ಬರುತ್ತಾ?

ಉತ್ತರ 2: ನಿಜ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಪರಿಸರ, ಅರಣ್ಯ, ಗ್ರಾಮೀಣ ಪ್ರದೇಶ ಹೀಗೆ ಮೂರು ಸಂಸ್ಥೆ ಸೇರಿಸಿದರು. ಕಾಡು ಕಾಯೋದು, ಮರ ಮಾರೋದು ಎರಡೂ ಒಂದೇ ಕಡೆ. ಆಮೇಲೆ ಮರದ ಗುತ್ತಿಗೆ ಬಗ್ಗೆಯೇ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದರು.

ಉತ್ತರ 3: ನಮ್ಮಲ್ಲೂ 2018ರಲ್ಲಿ ಕೆರೆ ಪ್ರಾಧಿಕಾರ ರದ್ದಾಗಿ, ಕೆಲಸ ಸಣ್ಣ ನೀರಾವರಿ ಇಲಾಖೆ ಕಡೆಗೆ ಹೋಯ್ತಲ್ವಾ. ಸುಮ್ನೆ ಹೆಸರಿನ ಬೋರ್ಡ್ ಬದಲಾಯಿಸಿದರೆ ಸಾಲದು. ಸರ್ವೆ ನಕ್ಷೆ, ಒತ್ತುವರಿ ಕೇಸಿನ ಫೈಲು, ಅದನ್ನು ಬಲ್ಲ ಸಿಬ್ಬಂದಿ ಎಲ್ಲಾ ಜೊತೆಗೇ ಬರಬೇಕು. ಬೇರೆ ಬೇರೆ ಕಡೆಯಿಂದ ಬಂದ ಸಿಬ್ಬಂದಿಯಲ್ಲಿ ಯಾರು ಸೀನಿಯರ್ ಅನ್ನೋ ಜಗಳ ಮೊದಲೇ ಮುಗಿಸಿ.